ಮನೆಯ ಮುಂದಣ ಚೆಲುವು



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಇಷ್ಟಲಿಂಗಪೂಜೆಯ ಕ್ರಮವನ್ನೋ ವಚನವೊಂದರ ಕಠಿಣ ಪದದ ಅರ್ಥವನ್ನೋ ಕೇಳಿ ಬರೆದವು. ಈ ಸಲ ನಮ್ಮ ಕೈಸೇರಿದ ಪತ್ರ ಬೇರೆ ಬಗೆಯದು. ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲ್ಲೂಕಿನ ಕೊಕ್ಕರ್ಣೆಯಿಂದ ಶರಣೆಯೊಬ್ಬರು ಅದನ್ನು ಬರೆದಿದ್ದಾರೆ. ಅವರ ಯಜಮಾನರು ಉದ್ಯೋಗ ನಿಮಿತ್ತ ಬಯಲುಸೀಮೆಯಿಂದ ಕರಾವಳಿಗೆ ಬಂದವರು. ನಿವೃತ್ತಿಯ ತರುವಾಯ ಅಲ್ಲಿಯೇ ಹಳೆಯ ಹಂಚಿನ ಮನೆಯೊಂದನ್ನು ಕೊಂಡು ನೆಲಸಿದರು. ಬರುವ ವೈಶಾಖದಲ್ಲಿ ಮಗಳ ಕಲ್ಯಾಣ. ಬೀಗರು ಹಾವೇರಿಯ ಕಡೆಯವರು, ಅನುಕೂಲಸ್ಥರು. ಮನೆಯ ಮುಂಭಾಗವಾದರೋ ಮಳೆಗೆ ಕಪ್ಪಿಟ್ಟು, ಗೋಡೆಯ ಬುಡದಲ್ಲಿ ಗಾರೆ ಉದುರಿ, ಅಂಗಳ ಪಾಚಿಗಟ್ಟಿ ನೋಡಲು ಬೇಸರವಾಗುವಂತಿದೆ. ಕೈಯಲ್ಲಿ ಕೂಡಿಟ್ಟ ಹಣ 50,000 ರೂಪಾಯಿ. ಜಗಲಿಯನ್ನು ಕಿತ್ತು ಅಲ್ಲಿ ಕಾಂಕ್ರೀಟಿನ ಪೋರ್ಟಿಕೊ ಕಟ್ಟಿಸಿ, ಕಂಬಗಳಿಗೆ ಗ್ರಾನೈಟ್ ಹೊದಿಸಿ, ಎದುರಿಗೆ ದೊಡ್ಡ ಉಕ್ಕಿನ ಗೇಟು ನಿಲ್ಲಿಸಬೇಕು, ಅದಕ್ಕೆ 3 ಲಕ್ಷ ಸಾಲ ತರಬೇಕು ಎಂಬುದು ಯಜಮಾನರ ನಿರ್ಧಾರ. ಬೀಗರೆದುರು ತಲೆ ತಗ್ಗಿಸಬೇಕಾದೀತೆಂಬ ಅಳಲು ಅವರದು. ಶರಣೆಗೆ ಸಾಲದ ಭಯ. "ಈ ವಿಷಯದಲ್ಲಿ ನನ್ನ ಮಾತು ನಡೆಯುತ್ತಿಲ್ಲ, ಗುರುಗಳೇ. ತಾವು ಪತ್ರಿಕೆಯಲ್ಲಿ ಬರೆದರೆ ಅವರು ಓದುತ್ತಾರೆ" ಎಂದು ಪತ್ರ ಮುಗಿಯುತ್ತದೆ.

ತಾಯಿ, ಬರೆಯುತ್ತಿದ್ದೇವೆ. ನಿಮ್ಮೊಬ್ಬರ ಮನೆಯ ಮಾತಾಗಿದ್ದರೆ ಅಂಚೆಯಲ್ಲಿಯೇ ಉತ್ತರಿಸಬಹುದಿತ್ತು. ಆದರೆ ಮದುವೆಯ ಮುನ್ನಾ ವರ್ಷ ಮನೆಯ ಮುಖಕ್ಕೆ ಸಾಲ ಮಾಡಿ, ಮದುವೆಯ ನಂತರ ಐದಾರು ವರ್ಷ ಆ ಸಾಲಕ್ಕೆ ಮುಖ ಬಾಡಿಸಿಕೊಂಡ ಗೃಹಸ್ಥರನ್ನು ನಾವು ಊರೂರುಗಳಲ್ಲಿ ಕಂಡಿದ್ದೇವೆ. ನೂರಕ್ಕೆ ಹನ್ನೆರಡರ ಬಡ್ಡಿಯೆಂದು ಹಿಡಿದರೂ 3 ಲಕ್ಷಕ್ಕೆ ಮೊದಲ ವರ್ಷದ ಬಡ್ಡಿಯೇ ಸುಮಾರು 36,000 ರೂಪಾಯಿ, ತಿಂಗಳಿಗೆ 3,000. ನಿವೃತ್ತರ ಮನೆಯಲ್ಲಿ ಆ 3,000 ಎಲ್ಲಿಂದ ಬರಬೇಕು? ಹಾಲಿನಿಂದ, ಔಷಧದಿಂದ, ದಾಸೋಹದಿಂದ. ಬೀಗರು ಅರ್ಧ ದಿನ ನಿಂತು ನೋಡುವ ಕಂಬಕ್ಕೆ ಮನೆಯವರು ಅಷ್ಟು ತೆರಬೇಕೆ?

ಹಾಗೆಂದು ಮನೆಯ ಮುಂಭಾಗ ಹೇಗಿದ್ದರೇನು ಎಂದು ನಾವು ಹೇಳುವವರಲ್ಲ. ಹೊಸ್ತಿಲನ್ನು ನೋಡಿ ಒಡೆಯನ ಇರವನ್ನು ವಿಚಾರಿಸಿದ ಬಸವಣ್ಣನವರ ವಚನವನ್ನು ಬಲ್ಲದ ಮನೆ ನಮ್ಮಲ್ಲಿಲ್ಲ. ಅದನ್ನು ಇಲ್ಲಿ ಉದ್ಧರಿಸುವ ಅಗತ್ಯವೂ ಇಲ್ಲ. ಅದು ಅಂತರಂಗವನ್ನು ಕುರಿತ ಮಾತು, ನಿಜ. ಆದರೆ ನಿಜವಾದ ಹೊಸ್ತಿಲನ್ನು ನಿತ್ಯ ಕಂಡವರಿಗೆ ಮಾತ್ರ ಆ ಉಪಮಾನ ಹೊಳೆದೀತು. ನಮ್ಮ ಪರಂಪರೆಯಲ್ಲಿ ಮನೆಯ ಮುಂಭಾಗವಿರುವುದು ಬರುವವರಿಗಾಗಿ: ಜಂಗಮರಿಗಾಗಿ, ಅತಿಥಿಗಾಗಿ, ನೀರು ಕೇಳಿ ಬಂದ ದಾರಿಹೋಕನಿಗಾಗಿ. ರಸ್ತೆಯಲ್ಲಿ ವಾಹನದಲ್ಲಿ ಸಾಗಿಹೋಗುವವನ ಕಣ್ಣಿಗಾಗಿ ಅಲ್ಲ. ಈ ಒಂದು ಭೇದವನ್ನು ಹಿಡಿದು ನೋಡಿದರೆ ಎಲ್ಲಿ ವೆಚ್ಚ ಮಾಡಬೇಕು, ಎಲ್ಲಿ ಕೂಡದು ಎಂಬುದು ತಾನೇ ತಿಳಿಯುತ್ತದೆ. ಬರುವವನ ಕಾಲು ಜಾರಬಾರದು, ತಲೆಯ ಮೇಲೆ ನೀರು ತೊಟ್ಟಿಕ್ಕಬಾರದು, ಕುಳಿತುಕೊಳ್ಳಲು ಎಡೆಯಿರಬೇಕು, ಕತ್ತಲಾದರೆ ಬೆಳಕಿರಬೇಕು. ಗೋಡೆಯ ಬಣ್ಣ ಇವೆಲ್ಲವುಗಳ ನಂತರದ ಮಾತು.

ಕರಾವಳಿಯ ಮನೆಗಳ ವಿಷಯದಲ್ಲಿ ಬಯಲುಸೀಮೆಯ ನಮ್ಮ ಜನ ತಪ್ಪುವುದು ಮಳೆಯ ಲೆಕ್ಕದಲ್ಲಿ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಉಡುಪಿಯ ಸೀಮೆಯಲ್ಲಿ ಸುಮಾರು 4,000 ಮಿಲಿಮೀಟರ್, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಲ್ಲಿಯ ಹಿರಿಯರು ಮನೆಯ ಸೌಂದರ್ಯವನ್ನೆಲ್ಲ ಸೂರಿನಲ್ಲಿ ಇಟ್ಟರು. ಕೊಕ್ಕರ್ಣೆಯ ಸಮೀಪದಲ್ಲಿಯೇ ಇರುವ ಸೂರಾಲಿನಲ್ಲಿ ತೊಳಹ ಅರಸರ ಅರಮನೆಯಿದೆ. ಅದು ಮಣ್ಣಿನ ಅರಮನೆ, ಶತಮಾನಗಳಷ್ಟು ಹಳೆಯದು. ಅಷ್ಟು ಮಳೆಯ ನಾಡಿನಲ್ಲಿ ಮಣ್ಣಿನ ಗೋಡೆ ಅಷ್ಟು ಕಾಲ ನಿಂತದ್ದು ಹೇಗೆ? ಮೇಲೆ ಹೊರಚಾಚಿದ ಮಾಡು, ಕೆಳಗೆ ಎತ್ತರದ ಪಂಚಾಂಗ, ನಡುವೆ ಒಣಗಿದ ಗೋಡೆ, ರಹಸ್ಯವೆಲ್ಲ ಇಷ್ಟೇ. ಬೀಗರು ಬಂದಾಗ ಬಿಡುವಾದರೆ ಅವರನ್ನು ಅಲ್ಲಿಗೆ ಕರೆದೊಯ್ಯಿರಿ. ಅರಸರೂ ಮಣ್ಣಿನ ಗೋಡೆಯ ಹಿಂದೆ ಬಾಳಿದರೆಂಬುದನ್ನು ಕಂಡ ಮೇಲೆ ಹಂಚಿನ ಮನೆಯನ್ನು ಯಾರೂ ಕೀಳಾಗಿ ಕಾಣಲಾರರು. ಅಂದ ಹಾಗೆ ಈ ಸೀಮೆ ನಮ್ಮವರಿಗೆ ಹೊಸತೇನೂ ಅಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆಲ್ಲುವ ತನಕ ಇಲ್ಲಿ ಆಳಿದ ಕೆಳದಿಯ ನಾಯಕರು ವೀರಶೈವ ಅರಸರೇ.

ಆದ್ದರಿಂದ, ತಾಯಿ, ಮೊದಲ ವೆಚ್ಚ ನೀರಿಗೆ. ಕೂಡಿಟ್ಟ ಹಣವನ್ನು ನಾಲ್ಕು ಪಾಲು ಮಾಡಿದರೆ ಎರಡು ಪಾಲು ಇದಕ್ಕೇ ಹೋಗಲಿ.

ಮಾಡಿನಿಂದ ಆರಂಭಿಸಬೇಕು. ಒಡೆದ ಹಂಚುಗಳನ್ನು ಬದಲಿಸಿ, ಜರುಗಿದವನ್ನು ಸರಿಪಡಿಸಿ, ಹಂಚಿನ ನಡುವೆ ಕೊಳೆತ ತರಗೆಲೆಗಳನ್ನು ತೆಗೆಸಬೇಕು. ಮಂಗಳೂರು ಹಂಚಿನ ಗುಣವೇ ಇದು: ಒಂದು ಒಡೆದರೆ ಒಂದನ್ನೇ ಬದಲಿಸಬಹುದು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ತೆರೆದಂದಿನಿಂದ ಕರಾವಳಿಯ ಬಡವ ಬಲ್ಲಿದರಿಬ್ಬರ ಮನೆಗೂ ಅದೇ ಮಾಡಾಯಿತು. ಹಳೆಯ ಮನೆ ಕೆಡವಿದವರ ಬಳಿ ಗಟ್ಟಿಮುಟ್ಟಾದ ಹಳೆಯ ಹಂಚು ಕಡಿಮೆ ಬೆಲೆಗೆ ದೊರೆಯುತ್ತದೆ. ಹಳೆಯ ಮಾಡಿನ ಬಣ್ಣಕ್ಕೆ ಹೊಂದುವುದೂ ಹಳೆಯ ಹಂಚೇ. ಆದರೆ ಅಚ್ಚು ನೋಡಿ ತರಬೇಕು. ಕಾರ್ಖಾನೆಯಿಂದ ಕಾರ್ಖಾನೆಗೆ ಅಂಚಿನ ಅಳತೆ ತುಸು ಬೇರೆಯಿರುವುದುಂಟು. ಒಂದರೊಳಗೊಂದು ಕೂರದ ಹಂಚು ಸೋರದೆ ಇರದು. ಮನೆಯ ಹಂಚೊಂದನ್ನು ಕೈಯಲ್ಲಿ ಹಿಡಿದೇ ಹೋಗಿ.

ಬಳಿಕ ಗೋಡೆಯ ಬುಡ. ಸೂರಿನಿಂದ ಬಿದ್ದ ನೀರು ಬರಿಯ ನೆಲಕ್ಕೆ ತಾಗಿದಾಗ ಕೆಸರಿನೊಡನೆ ಪುಟಿದು ಗೋಡೆಯ ಮೇಲೆ ಒಂದೆರಡು ಅಡಿಯವರೆಗೆ ಸಿಡಿಯುತ್ತದೆ. ನಿಮ್ಮ ಗೋಡೆಯ ಬುಡದಲ್ಲಿ ಗಾರೆ ಉದುರಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಅದಕ್ಕೆ ಎಷ್ಟು ಬೆಲೆಯ ಬಣ್ಣ ಬಳಿದರೂ ಎರಡು ಮಳೆಗಾಲ ತಡೆಯದು. ಸೂರಿನ ನೀರು ಬೀಳುವ ಗೆರೆಯಗುಂಟ ಎರಡಡಿ ಅಗಲಕ್ಕೆ ದಪ್ಪ ಜಲ್ಲಿಕಲ್ಲು ಹರಡಿಸಿದರೆ ಹನಿ ಕಲ್ಲಿನ ಮೇಲೆ ಒಡೆದು ಒಳಗಿಳಿಯುತ್ತದೆ, ಪುಟಿಯುವುದು ತಗ್ಗುತ್ತದೆ. ಜೊತೆಗೆ ಅಂಗಳದ ನೆಲವನ್ನು ಪರೀಕ್ಷಿಸಬೇಕು. ವರ್ಷವರ್ಷವೂ ಮಣ್ಣು ಹಾಕಿ ಸಮ ಮಾಡಿದ ಅಂಗಳ ಕ್ರಮೇಣ ಎತ್ತರವಾಗಿ ನೀರನ್ನು ಮನೆಯ ಕಡೆಗೇ ತಿರುಗಿಸುತ್ತದೆ. ಗೋಡೆಯಿಂದ ಹೊರಕ್ಕೆ ಹತ್ತಡಿಗೆ ಎರಡೂವರೆ ಇಂಚಿನಷ್ಟು ಇಳಿಜಾರು ಇರುವಂತೆ ಮಣ್ಣು ಕೆತ್ತಿಸಿ, ಅಂಚಿನಲ್ಲಿ ಸಣ್ಣ ಕಾಲುವೆ ತೋಡಿಸಿ. ಇಬ್ಬರು ಆಳುಗಳ ಎರಡು ಮೂರು ದಿನದ ಕೆಲಸವಿದು. ಮಳೆ ಬರುವಾಗ ಕೊಡೆ ಹಿಡಿದು ಅಂಗಳದಲ್ಲಿ ನಿಂತು ನೀರು ಎತ್ತ ಹರಿಯುತ್ತದೆಂದು ನೋಡಿದವರಿಗೆ ಇದನ್ನು ಯಾವ ಎಂಜಿನಿಯರರೂ ಹೇಳಿಕೊಡಬೇಕಾಗಿಲ್ಲ. ಬಾಗಿಲಿನ ನೇರಕ್ಕೆ ಮಾತ್ರ, ಒಳಬರುವವರ ತಲೆಯ ಮೇಲೆ ನೀರು ಬೀಳದಂತೆ, ಸೂರಿನಡಿ ದಂಬೆಯೊಂದನ್ನು ಕಟ್ಟಿಸಿ. ಅಡಕೆಮರ ಸೀಳಿ ಮಾಡಿದ್ದಾದರೂ ಸರಿ, ಪಿ.ವಿ.ಸಿ. ಕೊಳವೆ ಸೀಳಿದ್ದಾದರೂ ಸರಿ.

ಈ ಕೆಲಸ ಮುಗಿಯದೆ ಗೋಡೆಯನ್ನು ಮುಟ್ಟಬಾರದು.

ಇನ್ನು ಗೋಡೆ. ನಿಮ್ಮದು ಮುರಕಲ್ಲಿನ ಮನೆಯೆಂದು ಬರೆದಿದ್ದೀರಿ. ಬುಕನನ್ ಎಂಬ ಆಂಗ್ಲರ ಕಾಲದ ಪ್ರವಾಸಿ 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಈ ಜಾತಿಯ ಕಲ್ಲಿಗೇ. ನೆಲದೊಳಗಿರುವಾಗ ಕತ್ತಿಯಿಂದ ಕಡಿಯುವಷ್ಟು ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ರಂಧ್ರಗಳುಳ್ಳ ಈ ಕಲ್ಲು ಮಳೆಗಾಲದಲ್ಲಿ ನೀರು ಹೀರಿ ಬೇಸಗೆಯಲ್ಲಿ ಬಿಡುತ್ತದೆ. ಉಸಿರಾಡುವ ಕಲ್ಲೆಂದರೆ ತಪ್ಪಿಲ್ಲ. ಅದರ ಮೇಲೆ ಸಿಮೆಂಟಿನ ಗಾರೆ ಬಿಗಿದು, ಅದರ ಮೇಲೆ ಎಣ್ಣೆಬಣ್ಣ ಬಳಿದರೆ ಒಳಗಿನ ತೇವ ಹೊರಬರಲು ದಾರಿ ಕಾಣದೆ ಬಣ್ಣವನ್ನು ಗುಳ್ಳೆಯೆಬ್ಬಿಸಿ ಕಳಚುತ್ತದೆ. ಗ್ರಾನೈಟ್ ಹೊದಿಕೆಯ ಹಿಂದೆಯೂ ಆ ತೇವ ಸುಮ್ಮನಿರುವುದಿಲ್ಲ. ಇಂಥ ಗೋಡೆಗೆ ಹಿರಿಯರು ಕಂಡುಕೊಂಡದ್ದು ಸುಣ್ಣ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವ ಪದ್ಧತಿ ಹಳೆಯದು. ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ; ತೇವವನ್ನೂ ಹೊರಬಿಡುತ್ತದೆ.

ವಿಧಾನವನ್ನು ತುಸು ವಿವರವಾಗಿಯೇ ಹೇಳುತ್ತೇವೆ, ಏಕೆಂದರೆ ಸುಣ್ಣ ಉದುರುತ್ತದೆ, ಬಟ್ಟೆಗೆ ಅಂಟುತ್ತದೆ ಎಂದು ದೂರುವವರು ಹಲವರು. ಅವಸರದಲ್ಲಿ ಬಳಿದದ್ದರ ಫಲವದು. ಮೊದಲು ಗೋಡೆಯ ಪಾಚಿಯನ್ನು ಒಣಗಿದ ಮೇಲೆ ಗಡಸು ಬ್ರಷ್ಷಿನಿಂದ ಕೆರೆದು, ಬ್ಲೀಚಿಂಗ್ ಪುಡಿ ಕದಡಿದ ನೀರಿನಿಂದ ತೊಳೆದು ಒಣಗಲು ಬಿಡಬೇಕು. ಹಿಂದೆ ಎಣ್ಣೆಬಣ್ಣ ಅಥವಾ ಡಿಸ್ಟೆಂಪರ್ ಬಳಿದಿದ್ದರೆ ಅದನ್ನು ಪೂರ್ತಿ ಕೆರೆದು ತೆಗೆಯಬೇಕು; ಅದರ ಮೇಲೆ ಸುಣ್ಣ ನಿಲ್ಲದು. ಉದುರಿದ ಎಡೆಗಳನ್ನು ಸುಣ್ಣ ಮತ್ತು ಮರಳಿನ ಗಾರೆಯಿಂದಲೇ ತುಂಬಿಸಿ, ಸಿಮೆಂಟಿನಿಂದಲ್ಲ. ಸುಣ್ಣವನ್ನು ಹಿಂದಿನ ದಿನವೇ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಕೂಡಿಸಿ ಹಾಲಿನ ಹದಕ್ಕೆ ತರಬೇಕು. ಬಳಿಯುವ ಮುನ್ನ ಗೋಡೆಯನ್ನು ನೀರು ಚಿಮುಕಿಸಿ ತಣಿಸಬೇಕು. ಗಟ್ಟಿಯಾಗಿ ಒಮ್ಮೆಗೇ ಬಳಿಯದೆ ತೆಳುವಾಗಿ ಮೂರು ಸಲ, ಒಂದು ಒಣಗಿದ ಮೇಲೆ ಇನ್ನೊಂದು ಬಳಿಯಬೇಕು. ಹಸಿಯಾಗಿದ್ದಾಗ ಮಾಸಲು ಬೂದು ಬಣ್ಣವಾಗಿ ಕಾಣುತ್ತದೆ. ಗಾಬರಿಯಿಂದ ಮತ್ತಷ್ಟು ಬಳಿಯಬೇಡಿ, ಮರುದಿನ ಬೆಳ್ಳಗಾಗುತ್ತದೆ. ಸುಣ್ಣ ಕಣ್ಣಿಗೆ ಅಪಾಯಕಾರಿ. ಅರಳಿಸುವಾಗ ಮಕ್ಕಳನ್ನು ದೂರವಿರಿಸಿ, ಬಳಿಯುವವರು ಕಣ್ಣಿಗೆ ಕನ್ನಡಕವನ್ನೂ ಕೈಗೆ ಚೀಲವನ್ನೂ ಧರಿಸಲಿ.

ಗೋಡೆಯ ಬುಡಕ್ಕೆ ಎರಡು ಅಡಿಯಷ್ಟು ಎತ್ತರಕ್ಕೆ ಕೆಮ್ಮಣ್ಣಿನ ಬಣ್ಣದ ಪಟ್ಟಿ ಇರಲಿ. ಇದು ಕೇವಲ ಅಲಂಕಾರವೆಂದು ಭಾವಿಸಬೇಡಿ. ಅಲ್ಲಿಯ ನೆಲವೇ ಕೆಂಪು, ಸಿಡಿದ ಕೆಸರು ಕೆಂಪಿನ ಮೇಲೆ ಕಾಣುವುದಿಲ್ಲ. ಬಿಳಿಯ ಸುಣ್ಣ ಮತ್ತು ಕೆಮ್ಮಣ್ಣು ಈ ಎರಡನ್ನೇ ಹಿಡಿದು ಕರಾವಳಿಯವರು ಕಾವಿಕಲೆ ಎಂಬ ಭಿತ್ತಿಚಿತ್ರ ವಿದ್ಯೆಯನ್ನೇ ಬೆಳೆಸಿದರು. ಸುಣ್ಣದ ಗಾರೆಯ ಮೇಲೆ ಕೆಂಪು ಲೇಪಿಸಿ, ಹಸಿಯಿರುವಾಗಲೇ ಗೀರಿ ಒಳಗಿನ ಬಿಳುಪನ್ನು ಮೇಲೆ ತರುವ ಕಲೆಯದು. ನಿಮ್ಮ ಮಗಳಿಗೆ ಚಿತ್ರ ಬರೆಯುವ ಹವ್ಯಾಸವಿದ್ದರೆ ಬಾಗಿಲಿನ ಇಕ್ಕೆಲಗಳಲ್ಲಿ ಒಂದೊಂದು ಬಳ್ಳಿಯನ್ನು ಕೆಮ್ಮಣ್ಣಿನಿಂದ ಬರೆಯಲಿ. ಆಕೆ ಆ ಮನೆಯಲ್ಲಿ ಬಾಳಿದ ಗುರುತು ಗೋಡೆಯ ಮೇಲೆ ಉಳಿಯಲಿ. ಪಾಗಾರದ ಮೇಲಿನ ಹಸುರನ್ನು ಕೆರೆಯಬೇಡಿ. ಮುರಕಲ್ಲಿನ ಪಾಗಾರಕ್ಕೆ ಅದೇ ಒಪ್ಪ.

ಜಗಲಿಯ ಮಾತು. ಅದನ್ನು ಕೀಳಿಸುವುದಕ್ಕೆ ನಮ್ಮ ಸಮ್ಮತಿಯಿಲ್ಲವೆಂದು ಯಜಮಾನರಿಗೆ ಸ್ಪಷ್ಟವಾಗಿ ತಿಳಿಸುತ್ತೇವೆ. ಪೋರ್ಟಿಕೊ ವಾಹನಕ್ಕೆ ಮಾಡಿದ ಮನೆ. ಜಗಲಿ ಮನುಷ್ಯರಿಗೆ ಮಾಡಿದ ಆಸನ. ಬಯಲುಸೀಮೆಯಲ್ಲಿ ನಮ್ಮ ಮನೆಯ ಕಟ್ಟೆ ಯಾವ ಕೆಲಸ ಮಾಡುತ್ತದೆಯೋ ಅದನ್ನೇ ಕರಾವಳಿಯಲ್ಲಿ ಜಗಲಿ ಮಾಡುತ್ತದೆ. ಬಂದವರು ಒಳಗೆ ಬರಬೇಕೋ ಬೇಡವೋ ಎಂಬ ಸಂಕೋಚವಿಲ್ಲದೆ ಕುಳಿತು ಬೆವರೊರೆಸಿಕೊಳ್ಳುವ ತಾಣವದು. ಜಾತಿ, ಅಂತಸ್ತುಗಳ ಸಂಕೋಚವನ್ನು ಹೊತ್ತು ಹೊರಗೇ ನಿಲ್ಲುವವರು ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಅವರನ್ನು ಕೈಹಿಡಿದು ಒಳಗೆ ಕರೆಯುವುದೇ ಶರಣಮಾರ್ಗ; ಆದರೆ ಕರೆಯುವ ಮುನ್ನ ಕೂರಿಸಲು ಜಗಲಿಯೂ ಬೇಕು. ಜಗಲಿಯ ಕಾವಿನೆಲ ಬಿರುಕು ಬಿಟ್ಟಿದ್ದರೆ ಬಿರುಕನ್ನಷ್ಟೇ ತುಂಬಿಸಿ, ತೊಳೆದು, ಒಣಗಿದ ಮೇಲೆ ತೆಂಗಿನೆಣ್ಣೆಯ ಬಟ್ಟೆಯಿಂದ ತೆಳುವಾಗಿ ಉಜ್ಜಿ ಒರೆಸಿದರೆ ಹೊಳಪು ಮರಳುತ್ತದೆ. ಎಣ್ಣೆ ಉಳಿಯಬಾರದು, ಜಾರೀತು. ಮರದ ಕಂಬಗಳಿದ್ದರೆ ಅವುಗಳ ಮೇಲಿನ ಹಳೆಯ ಬಣ್ಣ ತೆಗೆಸಿ ಎಣ್ಣೆ ಉಣಿಸುವುದೊಂದೇ ಸಾಕು. ಗ್ರಾನೈಟಿನ ಯಾವ ಕಂಬವೂ ಅದರ ಸಮಕ್ಕೆ ಬಾರದು.

ಮೆಟ್ಟಿಲುಗಳನ್ನು ಮಾತ್ರ ಅಲಕ್ಷಿಸಬೇಡಿ. ಹಳೆಯ ಮನೆಗಳಲ್ಲಿ ಒಂದು ಮೆಟ್ಟಿಲು ಗೇಣುದ್ದ, ಮತ್ತೊಂದು ಮೊಳದುದ್ದ ಇರುವುದನ್ನು ಕಂಡಿದ್ದೇವೆ. ಎಲ್ಲವೂ ಆರು ಇಂಚಿನ ಎತ್ತರ, ಹನ್ನೊಂದು ಹನ್ನೆರಡು ಇಂಚಿನ ಅಗಲಕ್ಕೆ ಬರುವಂತೆ ಸರಿಪಡಿಸಿ, ಒಂದು ಬದಿಗೆ ಹಿಡಿದು ಹತ್ತಲು ಕಂಬಿ ಹಾಕಿಸಿ. ಬೀಗರ ಕಡೆಯ ಅಜ್ಜಿಯೊಬ್ಬರು ಯಾರ ಕೈಯೂ ಹಿಡಿಯದೆ ಮೆಟ್ಟಿಲು ಹತ್ತಿ ಬಂದರೆ ಆ ಮನೆಯ ಬಗ್ಗೆ ಅವರು ಊರಿನಲ್ಲಿ ಆಡುವ ಮಾತೇ ಬೇರೆ. ಮಳೆಗಾಲಕ್ಕೆ ಅಂಗಳದಲ್ಲಿ ಅಡಕೆಮರದ ದಬ್ಬೆಗಳನ್ನು ಅಡ್ಡಡ್ಡ ಹಾಸುವ ಅಲ್ಲಿಯವರ ಪದ್ಧತಿಯನ್ನು ನೀವೂ ಅನುಸರಿಸುತ್ತಿರಬಹುದು. ಅದು ಪಾಚಿಗೆ ಜಾರದಂತೆ ಕಾಯುತ್ತದೆ.

ಹೊಸ್ತಿಲಿಗೆ ವೆಚ್ಚವೇ ಇಲ್ಲ. ಕುಂದಾಪುರ, ಬ್ರಹ್ಮಾವರದ ಕಡೆ ಸೋಣ ತಿಂಗಳಲ್ಲಿ ಹೆಣ್ಣುಮಕ್ಕಳು ಶೇಡಿಯಿಂದ ಹೊಸ್ತಿಲು ಬರೆದು ಹೂವಿಟ್ಟು ಪೂಜಿಸುವ ಸಂಪ್ರದಾಯವಿದೆ. ಹೊರಗೆ ಮಳೆ ಸುರಿಯುತ್ತಿರುವ ಕಾಲ ಅದು. ಇಡೀ ಮನೆ ಒದ್ದೆಯಾಗಿ ಮಂಕಾಗಿರುವಾಗ ಹೊಸ್ತಿಲೊಂದು ಬೆಳ್ಳಗೆ ನಗುತ್ತದೆ. ಪೂಜೆಯ ವಿಷಯದಲ್ಲಿ ನಮ್ಮವರ ನಿಷ್ಠೆ ಇಷ್ಟಲಿಂಗಕ್ಕೇ ಇರಲಿ. ಆದರೆ ದಿನವೂ ಬಾಗಿ ಹೊಸ್ತಿಲನ್ನು ಒರೆಸುವ ಆ ಶ್ರದ್ಧೆಯನ್ನು ನೆರೆಯ ತಾಯಂದಿರಿಂದ ಕಲಿಯಲು ಅಡ್ಡಿಯಿಲ್ಲ. ನಾವು ಓದಿದ ಮಠದಲ್ಲಿ ಅಂಗಳ ಗುಡಿಸದ ಹುಡುಗನಿಗೆ ಅಂದಿನ ಪಾಠವಿರುತ್ತಿರಲಿಲ್ಲ. ಗಂಡುಮಕ್ಕಳು ಕಸಬರಿಗೆ ಹಿಡಿದರೆ ಅವಮಾನವೆಂದು ತಿಳಿದವರು ಕಾಯಕದ ಮಾತನ್ನು ಆಡದಿರುವುದು ಲೇಸು.

ಗೇಟಿನ ವಿಷಯ ಎರಡೇ ಮಾತು. ಇರುವ ಮರದ ಗೇಟನ್ನು ದುರಸ್ತಿ ಮಾಡಿಸಿ. ಹಸು ನುಗ್ಗದಿದ್ದರೆ ಸಾಕು. ಒಳಗೆ ಮನೆಯಿದೆಯೋ ಸೆರೆಮನೆಯಿದೆಯೋ ಎಂದು ಹೊರಗಿನವರು ಅನುಮಾನಿಸುವಂಥ ಉಕ್ಕಿನ ಹಲಗೆ ಬೇಡ.

ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ. ವಾಸ್ತು ಬಲ್ಲವರೊಬ್ಬರು ಬಂದು, ಗೇಟು ಇರುವ ದಿಕ್ಕು ಸರಿಯಿಲ್ಲ, ಮೂಲೆಗೆ ಸರಿಸದಿದ್ದರೆ ಮದುವೆಗೆ ವಿಘ್ನ ಎಂದರಂತೆ. ಶರಣರು ತಿಥಿ, ವಾರ, ಶಕುನಗಳ ಭಯವನ್ನು ತೊಡೆದುಹಾಕಿ ಎಂಟು ಶತಮಾನಗಳು ದಾಟಿವೆ. ಗೇಟು ಎಲ್ಲಿರಬೇಕೆಂದು ಹೇಳಬೇಕಾದದ್ದು ರಸ್ತೆ ಮತ್ತು ನೀರು ಹರಿಯುವ ದಿಕ್ಕು. ಇನ್ನು ಬಾಗಿಲ ಮೇಲೆ ನಾಲಗೆ ಚಾಚಿದ ದೃಷ್ಟಿಬೊಂಬೆಯನ್ನು ತೂಗಿಸಿ ಅದರ ಕೆಳಗೆ ಸುಸ್ವಾಗತ ಎಂದು ಬರೆಸುವ ಮನೆಗಳನ್ನು ಕಂಡರೆ ನಮಗೆ ನಗು ತಡೆಯುವುದಿಲ್ಲ. ಬರುವವರನ್ನು ಕರೆಯುತ್ತಿದ್ದಾರೋ ಹೆದರಿಸುತ್ತಿದ್ದಾರೋ?

ಉಳಿದ ಹಣದಲ್ಲಿ ಜಗಲಿಯ ಮೇಲೊಂದು, ಗೇಟಿನ ಬಳಿಯೊಂದು ಹಳದಿ ಬೆಳಕಿನ ಎಲ್‌ಇಡಿ ದೀಪ ಹಾಕಿಸಿ. ಬಣ್ಣಬಣ್ಣದ ಮಿಣುಕು ದೀಪಗಳ ಸರ ಬೇಡ. ಗಿಡಗಳನ್ನು ಕೊಳ್ಳುವುದಕ್ಕಿಂತ ನೆರೆಯವರಲ್ಲಿ ಕಡ್ಡಿ ಬೇಡಿ ತಂದು ನೆಡುವುದು ಮೇಲು. ದಾಸವಾಳ, ನಂದಿಬಟ್ಟಲು, ಕರವೀರ ಆ ಮಣ್ಣಿನಲ್ಲಿ ಕಡ್ಡಿ ಊರಿದರೆ ಬರುತ್ತವೆ. ಲಿಂಗಪೂಜೆಗೆ ಹೂವೂ ಆಯಿತು, ನೆರೆಯವರೊಡನೆ ಮಾತಿಗೂ ಆಯಿತು. ಕರವೀರದ ಎಲ್ಲ ಭಾಗವೂ ವಿಷವಾದ್ದರಿಂದ ಮಕ್ಕಳ ಕೈಗೆ ಎಟುಕದ ಕಡೆ ಇರಲಿ. ಬಿಲ್ವವನ್ನು ಬಾಗಿಲ ಪಕ್ಕದಲ್ಲಿ ನೆಡಬೇಡಿ. ಅದು ಮುಳ್ಳಿನ ಮರ, ದೊಡ್ಡದಾಗುವುದು. ಅಂಗಳದ ಅಂಚಿಗೆ ನೆಡಿ.

ಬಸವಣ್ಣನವರ ಹೆಸರಿನ ಬಸವ ವಸತಿ ಯೋಜನೆಯಲ್ಲಿ ಸಣ್ಣ ಮನೆ ಕಟ್ಟಿಕೊಂಡಿರುವ ಓದುಗರೂ ನಮಗಿದ್ದಾರೆ. ಅವರಿಗೂ ಇದೇ ಕ್ರಮ. ಬಾಗಿಲ ಮುಂದೆ ಮೂರಡಿಯ ಸೂರು, ಅದರ ಕೆಳಗೆ ಇಬ್ಬರು ಕೂರುವ ಕಟ್ಟೆ. ಮನೆ ಅಷ್ಟಕ್ಕೇ ಬೇರೆಯಾಗಿ ಕಾಣುತ್ತದೆ. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳ ವಿಷಯ ಪ್ರತ್ಯೇಕವಾಗಿ ಬರೆಯತಕ್ಕದ್ದು, ಮುಂದೊಮ್ಮೆ ಬರೆಯುತ್ತೇವೆ.

ಕಾಲದ ಲೆಕ್ಕ ಹೀಗಿಟ್ಟುಕೊಳ್ಳಿ. ಮಣ್ಣು ಕೆತ್ತುವ, ಕಾಲುವೆ ತೋಡುವ ಕೆಲಸ ಮಾರ್ಗಶಿರದಲ್ಲಿ, ನೆಲ ಇನ್ನೂ ಮೆದುವಾಗಿರುವಾಗ. ಹಂಚು ಮತ್ತು ಮೆಟ್ಟಿಲು ಪುಷ್ಯ, ಮಾಘಗಳಲ್ಲಿ. ಗೋಡೆಗೆ ಸುಣ್ಣ ಫಾಲ್ಗುಣದಲ್ಲಿ. ಚೈತ್ರ ಕಳೆದರೆ ಕರಾವಳಿಯಲ್ಲಿ ಗುಡುಗಿನ ಮಳೆ ಯಾವ ಸಂಜೆ ಬಂದೀತೆಂದು ಹೇಳಲಾಗದು, ಹಸಿ ಸುಣ್ಣವನ್ನು ಒಂದೇ ಮಳೆ ತೊಳೆದುಬಿಡುತ್ತದೆ. ಬಳಿದು ಉಳಿದ ಸುಣ್ಣವನ್ನು ಎಸೆಯಬೇಡಿ. ಮಡಕೆಯೊಂದರಲ್ಲಿ ಹಾಕಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಮುಚ್ಚಳ ಬಿಗಿದು ಮಕ್ಕಳ ಕೈಗೆ ಸಿಗದ ಕಡೆ ಇಟ್ಟರೆ ಕೆಡುವುದಿಲ್ಲ. ನೀರು ಆರಿದಂತೆ ಮತ್ತೆ ತುಂಬಬೇಕು. ಮುಂದಿನ ಕಾರ್ತಿಕದಲ್ಲಿ ಮಳೆ ಹೊಡೆದ ಎಡೆಗಳಿಗೆ ಬಳಿಯಲು ಅದೇ ಸಾಕಾಗುತ್ತದೆ.